ಟೂ-ಇನ್-ಒನ್: ಕೊಪ್ಪಳ ಸೀಮೆಯಲ್ಲಿ ಕ್ಯಾಸೆಟ್ ಸ್ಟೀರಿಯೊ

ರೇಡಿಯೊ, ಕ್ಯಾಸೆಟ್ ಟೇಪ್ ರೆಕಾರ್ಡರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿರುವ, ಕರೆಂಟಿಗೂ ಸೆಲ್ಲಿಗೂ ನಡೆಯುವ, ಹಿಡಿಕೆ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಯಂತ್ರಕ್ಕೆ ಕರ್ನಾಟಕದಲ್ಲಿ ಬಳಕೆಗೆ ಬಂದ ಹೆಸರು ಟೂ-ಇನ್-ಒನ್. ಹಳ್ಳಿಗಳಲ್ಲಿ ಬರೀ ಟೇಪು ಎಂದರೂ ಇದೇ. ಎರಡು ಸ್ಪೀಕರ್ ಇದ್ದರೆ ಸ್ಟೀರಿಯೊ, ಎರಡು ಕ್ಯಾಸೆಟ್ ಹಾಕಲು ಬಂದರೆ ಡಬಲ್ ಡೆಕ್. ಅಮೆರಿಕದ ಶಹರಗಳಲ್ಲಿ ಇದನ್ನು ಬೂಮ್‌ಬಾಕ್ಸ್ ಎಂದು ಕರೆದರು. 1970ರ ದಶಕದಿಂದ 1990ರ ದಶಕದ ಕೊನೆಯವರೆಗೆ ಈ ಯಂತ್ರಕ್ಕೆ ಒಂದೊಂದಾಗಿ ಬಂದು ಸೇರಿದ ಸೌಲಭ್ಯಗಳು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಅವಕ್ಕೆ ಸಿಕ್ಕ ಉಪಯೋಗ ಈ ಲೇಖನದ ವಿಷಯ. ಆ ವರ್ಷಗಳ ಬಹುಭಾಗ ಈ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಇರುತ್ತಿದ್ದದ್ದು ಸ್ಟೀರಿಯೊ, ವಾಟು, ಈಕ್ವಲೈಜರ್. ಈ ಸೀಮೆಯಲ್ಲಿ ಯಂತ್ರಕ್ಕೆ ಬೆಲೆ ತಂದುಕೊಟ್ಟದ್ದು ಬೇರೆ ಮೂರು: ರೇಡಿಯೊದ ಹಾಡನ್ನು ವೈರಿನ ಗೊಡವೆಯಿಲ್ಲದೆ ಕ್ಯಾಸೆಟ್ಟಿಗೆ ಇಳಿಸುವ ಗುಂಡಿ, ಪೆಟ್ಟಿಗೆಯ ಒಳಗೇ ಕೂತ ಮೈಕು, ಕರೆಂಟು ಹೋದರೂ ನಿಲ್ಲದ ಸೆಲ್ಲು. ಹಾಡು ಕೇಳಲಿಕ್ಕೆಂದು ಮಾರಾಟವಾದ ಈ ಯಂತ್ರ ಇಲ್ಲಿ ಹಾಡು ತುಂಬಿಸಲಿಕ್ಕೆ ಹೆಚ್ಚು ದುಡಿಯಿತು. ಸೌಲಭ್ಯಗಳನ್ನು ಅಳೆಯಬೇಕಾದದ್ದೂ ಆ ಕೆಲಸದಿಂದಲೇ.

ಕ್ಯಾಸೆಟ್ಟಿನ ಅಳತೆ

ಎಲ್ಲದಕ್ಕೂ ಬುಡ ಫಿಲಿಪ್ಸ್ ಕಂಪನಿಯ ಕಾಂಪ್ಯಾಕ್ಟ್ ಕ್ಯಾಸೆಟ್. ಬೆಲ್ಜಿಯಂ ದೇಶದ ಹಾಸೆಲ್ಟ್ ಊರಿನಲ್ಲಿ ಲೂ ಒಟೆನ್ಸ್ ಎಂಬ ಎಂಜಿನಿಯರ್ ಮುಂದೆ ನಿಂತು ರೂಪಿಸಿದ ಇದು 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಹೊರಬಂತು. ಅದರ ಜೊತೆಗೆ ಬಂದ ಯಂತ್ರ ಇಎಲ್ 3300. ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಸಂಗೀತಕ್ಕೆ ಇಷ್ಟು ನಿಧಾನದ ಓಟ ಸಾಲದು ಎಂಬುದು ಆಗಿನ ತಿಳಿವಳಿಕೆ. ಮಾತು ಹಿಡಿದಿಡಲು ಸಾಕು ಎಂಬ ಲೆಕ್ಕದಲ್ಲಿ ಇದು ಬಂತು. ಆ ಮೊದಲ ಯಂತ್ರದಲ್ಲಿ ರೇಡಿಯೊ ಇರಲಿಲ್ಲ, ಸ್ಟೀರಿಯೊ ಇರಲಿಲ್ಲ. ಸೆಲ್ಲಿನ ಮೇಲೆ ನಡೆಯುವ ಗುಣ ಇತ್ತು, ಕೈಯಲ್ಲಿ ಹಿಡಿದ ಮೈಕಿನ ಮೇಲೇ ಯಂತ್ರ ನಿಲ್ಲಿಸುವ, ಓಡಿಸುವ ಸ್ವಿಚ್ಚು ಇತ್ತು. ಮುಂದೆ ಬಂದ ಎಷ್ಟೋ ರೆಕಾರ್ಡರುಗಳಲ್ಲಿ ಮೈಕಿಗೆ ದೊಡ್ಡದೊಂದು, ಚಿಕ್ಕದೊಂದು ಜೋಡಿ ಪಿನ್ನು ಇರುತ್ತಿದ್ದದ್ದು ಇದಕ್ಕೇ. ದೊಡ್ಡದು ದನಿಗೆ, ಚಿಕ್ಕದು ಸ್ವಿಚ್ಚಿಗೆ.

ಫಿಲಿಪ್ಸ್ ಈ ವಿನ್ಯಾಸವನ್ನು 1960ರ ದಶಕದ ನಡುವಿನಲ್ಲಿ ಬೇರೆ ಕಂಪನಿಗಳಿಗೆ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿತು. ಅಳತೆ ಮಾತ್ರ ಯಾರೂ ಬದಲಿಸಕೂಡದು ಎಂಬುದು ಕರಾರು. ಹಾಗಾಗಿ ಜಪಾನಿನಲ್ಲಿ ಮಾಡಿದ ಕ್ಯಾಸೆಟ್ಟು ಕುಕನೂರಿನ ಅಂಗಡಿಯ ಯಂತ್ರದಲ್ಲೂ ಕೂತಿತು.

ಸ್ಟೀರಿಯೊ ಬಂದಾಗ ಫಿಲಿಪ್ಸಿನವರು ಮಾಡಿದ ಒಂದು ಜಾಣತನ ಹಳ್ಳಿಯ ಕೇಳುಗರಿಗೆ ದೊಡ್ಡ ಉಪಕಾರವಾಯಿತು. ಟೇಪಿನ ಅಗಲದಲ್ಲಿ ನಾಲ್ಕು ಪಟ್ಟಿಗಳು. ಒಂದು ಮಗ್ಗುಲಿಗೆ ಎರಡು, ಇನ್ನೊಂದು ಮಗ್ಗುಲಿಗೆ ಎರಡು. ಹಳೆಯ ರೀಲ್ ಟೇಪುಗಳಲ್ಲಿ ಎಡ, ಬಲ ಪಟ್ಟಿಗಳು ಒಂದು ಬಿಟ್ಟು ಒಂದು ಇದ್ದವು. ಕ್ಯಾಸೆಟ್ಟಿನಲ್ಲಿ ಒಂದೇ ಮಗ್ಗುಲಿನ ಎಡ, ಬಲ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರು. ಒಂದೇ ಸ್ಪೀಕರಿನ ಮೋನೊ ಯಂತ್ರದ ಅಗಲದ ಹೆಡ್ಡು ಎರಡನ್ನೂ ಒಟ್ಟಿಗೆ ಓದಿಬಿಡುತ್ತದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಸ್ಟೀರಿಯೊದಲ್ಲಿ ಮುದ್ರಿಸಿದ ಹಾಡು ತಾವರಗೇರಾದ ಅಗ್ಗದ ಮೋನೊ ಟೇಪಿನಲ್ಲಿ ಏನೂ ಕಳೆದುಕೊಳ್ಳದೆ ಕೇಳಿಸಿತು. ಎರಡು ದರ್ಜೆಯ ಯಂತ್ರಗಳಿಗೂ ಒಂದೇ ಕ್ಯಾಸೆಟ್ಟು ಸಾಕಾದ್ದರಿಂದ ಅಂಗಡಿಯವನು ಎರಡು ಬಗೆ ಇಡಬೇಕಾಗಲಿಲ್ಲ.

ಕ್ಯಾಸೆಟ್ಟಿನ ಹಿಂಬದಿಯ ಎರಡು ಮೂಲೆಗಳಲ್ಲಿ ಒಂದೊಂದು ಪ್ಲಾಸ್ಟಿಕ್ ಎಸಳು. ಅದನ್ನು ಮುರಿದರೆ ಆ ಮಗ್ಗುಲಿನ ಮೇಲೆ ಬೇರೆ ಏನನ್ನೂ ತುಂಬಲು ಯಂತ್ರ ಬಿಡುವುದಿಲ್ಲ, ಕೆಂಪು ಗುಂಡಿ ಒತ್ತಿದರೆ ಕೆಳಗೇ ಇಳಿಯುವುದಿಲ್ಲ. ಕಂಪನಿಯ ಕ್ಯಾಸೆಟ್ಟುಗಳು ಎಸಳು ಮುರಿದೇ ಬರುತ್ತಿದ್ದವು. ಆ ತೂತಿನ ಮೇಲೆ ಒಂದು ಚೂರು ಅಂಟುಪಟ್ಟಿ ಹಚ್ಚಿ, ಬೇಡವಾದ ಸಿನಿಮಾ ಹಾಡಿನ ಮೇಲೆ ಊರಿನ ಭಜನಾ ಮೇಳವನ್ನು ತುಂಬಿಸುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ.

ರೇಡಿಯೊ ಒಳಗೆ ಬಂದಾಗ

ರೇಡಿಯೊ, ಟೇಪು ಕೂಡಿದ ಯಂತ್ರಗಳು ಫಿಲಿಪ್ಸ್ ಮತ್ತು ಜಪಾನಿ ಕಂಪನಿಗಳಿಂದ 1960ರ ದಶಕದ ಕೊನೆಯ ಹೊತ್ತಿಗೆ ಪೇಟೆಗೆ ಬಂದವು. ಅದಕ್ಕೂ ಮೊದಲು ರೇಡಿಯೊದ ಹಾಡು ಬೇಕೆಂದರೆ ರೆಕಾರ್ಡರನ್ನು ರೇಡಿಯೊ ಮುಂದಿಟ್ಟು ಮೈಕು ಒಡ್ಡಬೇಕಿತ್ತು. ಹಾಡಿನ ಜೊತೆ ಓಣಿಯ ನಾಯಿ, ಅಡಿಗೆಮನೆಯ ಪಾತ್ರೆ ಎಲ್ಲ ತುಂಬಿಕೊಳ್ಳುತ್ತಿದ್ದವು. ಕೂಡು ಯಂತ್ರದಲ್ಲಿ ರೇಡಿಯೊದ ದನಿ ಒಳಗಿನಿಂದಲೇ ಹೆಡ್ಡಿಗೆ ಹೋಗುತ್ತದೆ. ವಾಲ್ಯೂಮನ್ನು ಪೂರಾ ಇಳಿಸಿದರೂ ರೆಕಾರ್ಡು ನಡೆಯುತ್ತಲೇ ಇರುತ್ತದೆ. ಮನೆಯವರು ಮಲಗಿದ ಮೇಲೆ ವಿವಿಧ ಭಾರತಿಯ ಹಾಡು ಸದ್ದಿಲ್ಲದೆ ತುಂಬಿಸಿಕೊಂಡವರಿಗೆ ಈ ಅನುಕೂಲದ ಬೆಲೆ ಗೊತ್ತು.

ಈ ಸೀಮೆಗೆ ಕನ್ನಡದ ಮುಖ್ಯ ರೇಡಿಯೊ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಗುಲ್ಬರ್ಗಾ ನಿಲಯ ಬಂದದ್ದು 1966ರಲ್ಲಿ. ಧಾರವಾಡ ಕೇಳುವುದು ಮೀಡಿಯಂ ವೇವಿನಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ. ಕೊಪ್ಪಳ ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮೀಡಿಯಂ ವೇವಿಗೆ ಉದ್ದನೆಯ ಸ್ಟೀಲ್ ಏರಿಯಲ್ ಏನೂ ಮಾಡುವುದಿಲ್ಲ; ಅದು ಶಾರ್ಟ್ ವೇವಿಗೆ ಮತ್ತು ಎಫ್.ಎಂ.ಗೆ. ಮೀಡಿಯಂ ವೇವನ್ನು ಹಿಡಿಯುವುದು ಪೆಟ್ಟಿಗೆಯ ಒಳಗೆ ಅಡ್ಡಲಾಗಿ ಮಲಗಿದ, ತಂತಿ ಸುತ್ತಿದ ಫೆರೈಟ್ ಕೋಲು. ಕೋಲಿನ ತುದಿ ನಿಲಯದ ಕಡೆ ತಿರುಗಿದರೆ ದನಿ ಬಿದ್ದುಹೋಗುತ್ತದೆ, ಕೋಲಿನ ಉದ್ದ ಆ ಕಡೆಗೆ ಅಡ್ಡವಾದರೆ ಏರುತ್ತದೆ. ರೇಡಿಯೊವನ್ನು ಗೂಡಿನಲ್ಲಿ ಓರೆಯಾಗಿ ಇಡುತ್ತಿದ್ದ ಹಿರಿಯರು ಯಾರ ಹತ್ತಿರವೂ ಇದನ್ನು ಓದಿರಲಿಲ್ಲ.

ಮೀಡಿಯಂ ವೇವನ್ನು ತುಂಬಿಸುವಾಗ ಎದುರಾದ ವಿಚಿತ್ರ ತೊಂದರೆ ಒಂದು ಸೀಟಿ. ರೇಡಿಯೊ ಬರೀ ಕೇಳುವಾಗ ಅದು ಇಲ್ಲ. ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಹಾಡಿನ ಹಿಂದೆ ಸಣ್ಣಗೆ ಕುಯ್ಯೆನ್ನುತ್ತದೆ. ಕಾರಣ ಯಂತ್ರದ ಹೊಟ್ಟೆಯಲ್ಲೇ ಇದೆ. ಟೇಪಿನ ಮೇಲೆ ದನಿ ಸೊಟ್ಟಾಗದೆ ಕೂರಬೇಕಾದರೆ ಅದರ ಜೊತೆ ಕಿವಿಗೆ ಕೇಳದಷ್ಟು ಮೇಲಿನ ಇನ್ನೊಂದು ಕಂಪನವನ್ನು ಹೆಡ್ಡಿಗೆ ಕೊಡಬೇಕು. ಇದಕ್ಕೆ ಬಯಾಸ್ ಎನ್ನುತ್ತಾರೆ. ಅದನ್ನು ಹುಟ್ಟಿಸುವ ಆಸಿಲೇಟರ್ 51 ಕಿಲೋಹರ್ಟ್ಸ್‌ನಲ್ಲಿ ಇದೆ ಎಂದುಕೊಳ್ಳಿ. ಅದರ ಹದಿನೈದನೆಯ ಗುಣಕ ಸರಿಯಾಗಿ 765. ಆಸಿಲೇಟರ್ ಒಂದಿಷ್ಟು ಜರುಗಿ 51.1 ಆದರೆ ಗುಣಕ 766.5; ಧಾರವಾಡದ 765ಕ್ಕೂ ಇದಕ್ಕೂ ಒಂದೂವರೆ ಕಿಲೋಹರ್ಟ್ಸ್ ಅಂತರ, ಅದೇ ಸೀಟಿಯಾಗಿ ಕೇಳಿಸುತ್ತದೆ. ಇದಕ್ಕೆ ಮದ್ದಾಗಿ ತಯಾರಕರು ಪೆಟ್ಟಿಗೆಯ ಹಿಂದೆ ಒಂದು ಚಿಕ್ಕ ಜಾರುಗುಂಡಿ ಕೊಟ್ಟರು. ಕೆಲವರು ಬೀಟ್ ಕಟ್ ಎಂದು ಬರೆದರು, ಕೆಲವರು ಬೀಟ್ ಕ್ಯಾನ್ಸಲ್ ಎಂದರು. ಅದನ್ನು ಸರಿಸಿದರೆ ಆಸಿಲೇಟರ್ ತನ್ನ ಜಾಗದಿಂದ ತುಸು ಆಚೆ ಹೋಗುತ್ತದೆ, ಸೀಟಿ ಕಿವಿಗೆ ನಿಲುಕದಷ್ಟು ಮೇಲೆ ಹೋಗಿ ಮಾಯವಾಗುತ್ತದೆ. ಟೂ-ಇನ್-ಒನ್ನಿನ ಸೌಲಭ್ಯಗಳಲ್ಲೆಲ್ಲ ಅತಿ ಬುದ್ಧಿವಂತಿಕೆಯದು, ಅತಿ ಕಡಿಮೆ ಜನ ಮುಟ್ಟಿದ್ದು ಇದೇ ಎಂದರೆ ತಪ್ಪಾಗಲಾರದು. ಹೆಚ್ಚಿನವರು ಸೀಟಿಯನ್ನು ಆಕಾಶವಾಣಿಯ ತಲೆಗೆ ಕಟ್ಟಿದರು.

ಹೊರದೇಶದಿಂದ ಬಂದ ಸೆಟ್ಟುಗಳಲ್ಲಿ ಎಫ್.ಎಂ. ಬ್ಯಾಂಡು ಇರುತ್ತಿತ್ತು. ಹೊಸಪೇಟೆಯಲ್ಲಿ ಎಫ್.ಎಂ. ನಿಲಯ ಆಗುವವರೆಗೆ ಈ ಸೀಮೆಯಲ್ಲಿ ಅದು ಮೌನವಾಗಿ ಇತ್ತು. ಜಪಾನಿನ ಒಳಪೇಟೆಗೆಂದು ಮಾಡಿದ ಸೆಟ್ಟಿನ ಗತಿ ಇನ್ನೂ ಕಷ್ಟ: ಅಲ್ಲಿಯ ಎಫ್.ಎಂ. 76ರಿಂದ 90 ಮೆಗಾಹರ್ಟ್ಸ್, ನಮ್ಮದು 88ರಿಂದ 108. ನಿಲಯ ಬಂದ ಮೇಲೂ ಅಂಥ ಸೆಟ್ಟು ಮೂಕವೇ.

ರೇಡಿಯೊ ಇದ್ದ ಯಂತ್ರಕ್ಕೆ ಲೈಸೆನ್ಸ್ ಬೇಕಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕ ನವೀಕರಿಸುವ ಈ ಪದ್ಧತಿ 1980ರ ದಶಕದ ನಡುವಿನವರೆಗೂ ಉಳಿದಿತ್ತು.

ಮೈಕು, ಬಯಲಾಟ

ಪೆಟ್ಟಿಗೆಯ ಮುಖದ ಮೇಲೆ ಜಾಲರಿಯ ಹಿಂದೆ ಕಡಲೆಕಾಳಿನಷ್ಟು ಮೈಕು ಕೂರಲು ಸಾಧ್ಯವಾದದ್ದು ಎಲೆಕ್ಟ್ರೆಟ್ ಕಂಡೆನ್ಸರ್ ಮೈಕಿನಿಂದ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರಾರ್ಡ್ ಸೆಸ್ಲರ್, ಜೇಮ್ಸ್ ವೆಸ್ಟ್ ಎಂಬಿಬ್ಬರು 1960ರ ದಶಕದ ಮೊದಲಲ್ಲಿ ಕಂಡುಹಿಡಿದದ್ದು ಅದು. ಅಗ್ಗ, ಚಿಕ್ಕದು, ದೂರದ ದನಿಯನ್ನೂ ಹಿಡಿಯುತ್ತದೆ. ತಯಾರಕರ ಮನಸ್ಸಿನಲ್ಲಿದ್ದದ್ದು ಮೀಟಿಂಗು, ಪಾಠ, ಮಗುವಿನ ತೊದಲು. ಕೊಪ್ಪಳ ಸೀಮೆಯಲ್ಲಿ ಅದರ ಎದುರು ಕೂತದ್ದು ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಗೀಗೀ ಪದ, ಡೊಳ್ಳಿನ ಪದ, ಅಲಾಯಿ ದೇವರ ಮುಂದೆ ಹಾಡುವ ರಿವಾಯತ್, ಮಠದ ಪುರಾಣ, ಅಮಾವಾಸ್ಯೆಯ ಭಜನೆ, ಗವಿಮಠದ ಜಾತ್ರೆಯ ಪ್ರವಚನ. ಊರವರೇ ಆಡಿದ ನಾಟಕವನ್ನು ಊರವರೇ ಮರುದಿನ ಕಟ್ಟೆಯ ಮೇಲೆ ಕೂತು ಕೇಳುವುದು ಈ ಮೈಕಿನಿಂದ ಆರಂಭವಾಯಿತು. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೆ ತವರಿನ ಸೋಬಾನೆ ಪದವನ್ನು ತುಂಬಿಸಿ ಕಳಿಸಿದ್ದೂ ಇದರಿಂದಲೇ.

ಬಯಲಾಟವನ್ನು ಪೂರಾ ತುಂಬಿಸುವುದು ಸಣ್ಣ ಕೆಲಸವಲ್ಲ. ರಾತ್ರಿ ಹತ್ತಕ್ಕೆ ಗಣಸ್ತುತಿಯಾಗಿ ಬೆಳಗಿನ ಆರಕ್ಕೆ ಮಂಗಳವಾದರೆ ಎಂಟು ತಾಸು, ಅಂದರೆ 480 ನಿಮಿಷ. ಸಿ-90 ಕ್ಯಾಸೆಟ್ಟು ಒಂದು ಮಗ್ಗುಲಿಗೆ 45 ನಿಮಿಷ. ಆರು ಕ್ಯಾಸೆಟ್ಟು ಬೇಕು, ಹತ್ತು ಸಲ ಮಗುಚಬೇಕು ಅಥವಾ ಬದಲಿಸಬೇಕು. ಸಿ-120 ಎಂಬುದೂ ಇತ್ತು, ಒಂದು ಮಗ್ಗುಲಿಗೆ ಒಂದು ತಾಸು. ಆದರೆ ಅದರ ಟೇಪು ಒಂಬತ್ತು ಮೈಕ್ರಾನ್ ದಪ್ಪ, ಸಿ-60ರ ಅರ್ಧಕ್ಕೆ ಹತ್ತಿರ. ಸೆಕೆಗೆ ಜಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ, ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಚ್ಚಾಗಿ ಮುಂದಿನ ಮಾತು ಮೊದಲೇ ಸಣ್ಣಗೆ ಕೇಳಿಸುತ್ತದೆ. ತಿಳಿದವರು ಅದರ ತಂಟೆಗೆ ಹೋಗಲಿಲ್ಲ.

ಇಲ್ಲಿ ಆಟೊ ಸ್ಟಾಪ್ ಕೆಲಸಕ್ಕೆ ಬಂತು. ಟೇಪು ಮುಗಿದಾಗ ಗುಂಡಿಗಳು ತಾವೇ ಟಪ್ಪೆಂದು ಮೇಲೆದ್ದು ಯಂತ್ರ ನಿಲ್ಲುವ ಏರ್ಪಾಡು ಇದು. ಆ ಸದ್ದು ಕೇಳಿಯೇ ತೂಕಡಿಸುತ್ತಿದ್ದವರು ಕ್ಯಾಸೆಟ್ಟು ಮಗುಚುತ್ತಿದ್ದರು. ಇದಿಲ್ಲದ ಹಳೆಯ ಯಂತ್ರಗಳಲ್ಲಿ ಟೇಪು ಮುಗಿದರೂ ಮೋಟಾರು ಜಗ್ಗುತ್ತಲೇ ಇದ್ದು ಸೆಲ್ಲು ತಿನ್ನುತ್ತಿತ್ತು. ಮೂರು ಅಂಕಿಯ ಕೌಂಟರ್ ಇನ್ನೊಂದು ಅನುಕೂಲ. ಸಾರಥಿಯ ಹಾಡು ಎಲ್ಲಿ, ಯುದ್ಧದ ಪ್ರಸಂಗ ಎಲ್ಲಿ ಎಂದು ರಟ್ಟಿನ ಮೇಲೆ ಅಂಕಿ ಬರೆದಿಟ್ಟುಕೊಳ್ಳಬಹುದು. ಆದರೆ ಕೌಂಟರ್ ಎಣಿಸುವುದು ನಿಮಿಷವನ್ನಲ್ಲ, ಸುತ್ತಿಕೊಳ್ಳುವ ಗಾಲಿಯ ಸುತ್ತುಗಳನ್ನು. ಮೊದಲಲ್ಲಿ ಗಾಲಿ ಸಣ್ಣದಿರುವುದರಿಂದ ಅಂಕಿ ಬೇಗ ಓಡುತ್ತದೆ, ಟೇಪು ತುಂಬುತ್ತ ಬಂದಂತೆ ನಿಧಾನವಾಗುತ್ತದೆ. ಒಂದು ಯಂತ್ರದ ಅಂಕಿ ಇನ್ನೊಂದಕ್ಕೆ ಹೊಂದುವುದೂ ಇಲ್ಲ.

ದನಿಯ ಮಟ್ಟವನ್ನು ಯಂತ್ರ ತಾನೇ ಹತೋಟಿಯಲ್ಲಿಡುವ ಎಎಲ್‌ಸಿ ಎಂಬ ಸೌಲಭ್ಯದ ಬಗ್ಗೆ ಎರಡು ಅಭಿಪ್ರಾಯ ಇವೆ. ಸೂಜಿ ನೋಡುತ್ತ ಗುಂಡಿ ತಿರುಗಿಸುವ ಗೊಡವೆ ತಪ್ಪಿದ್ದು ನಿಜ. ಯಂತ್ರ ಎಂದೂ ಹಿಡಿಯದವರೂ ರೆಕಾರ್ಡು ಮಾಡುವಂತಾಯಿತು. ಆದರೆ ಅದು ಜೋರು ಸದ್ದಿಗೆ ತಟ್ಟನೆ ದನಿ ತಗ್ಗಿಸಿ, ಆಮೇಲೆ ನಿಧಾನವಾಗಿ ಏರಿಸುತ್ತದೆ. ಮದ್ದಲೆಯ ಒಂದು ಪೆಟ್ಟು ಬಿದ್ದರೆ ಪಾತ್ರಧಾರಿಯ ಮಾತು ಅದುಮಿಹೋಗುತ್ತದೆ. ಮಾತು ನಿಂತ ಕಡೆ ಜೀರುಂಡೆ, ಕೆಮ್ಮು, ಪೆಟ್ರೋಮ್ಯಾಕ್ಸಿನ ಉಸಿರು ಎಲ್ಲ ಎದ್ದುನಿಲ್ಲುತ್ತವೆ. ಆಗಿನ ಬಯಲಾಟದ ಕ್ಯಾಸೆಟ್ಟುಗಳಲ್ಲಿ ಈ ಏರಿಳಿತ ಸ್ಪಷ್ಟವಾಗಿ ಕೇಳುತ್ತದೆ. ಒಳಗಿನ ಮೈಕಿನ ಇನ್ನೊಂದು ದೋಷ, ತನ್ನದೇ ಮೋಟಾರಿನ ಗುರ್ರು ಹಿಡಿದುಕೊಳ್ಳುವುದು. ಅನುಭವಸ್ಥರು ಪ್ರತ್ಯೇಕ ಮೈಕನ್ನು ವೈರಿನ ಮೇಲೆ ರಂಗದ ಕಂಬಕ್ಕೆ ಕಟ್ಟಿ ಪೆಟ್ಟಿಗೆಯನ್ನು ದೂರ ಇಡುತ್ತಿದ್ದರು.

ಜಾನಪದ ಸಂಗ್ರಹಕಾರರ ಹೆಗಲಿಗೂ ಇಂಥ ಯಂತ್ರಗಳೇ ಜೋತುಬಿದ್ದವು. ಗಂಗಾವತಿ ಬಳಿಯ ಕುಮ್ಮಟದುರ್ಗದ ಕುಮಾರರಾಮನ ಕಥೆಯಂಥ ದೀರ್ಘ ಮೌಖಿಕ ಕಾವ್ಯಗಳು ಹಾಡುಗಾರರ ನಾಲಿಗೆಯಿಂದ ಅಚ್ಚಿನ ಪುಟಕ್ಕೆ ಬರುವ ನಡುವೆ ಒಂದು ಕ್ಯಾಸೆಟ್ಟಿನ ಘಟ್ಟ ಇರುತ್ತಿತ್ತು. ಹಾಡಿನ ಒಂದು ಸಾಲನ್ನು ಬರೆದುಕೊಳ್ಳಲು ಹತ್ತು ಸಲ ಹಿಂದಕ್ಕೆ ಹೋಗಬೇಕು. ಪ್ಲೇ ಗುಂಡಿ ಕೆಳಗಿರುವಾಗಲೇ ರಿವೈಂಡ್ ಒತ್ತಿಹಿಡಿದರೆ ಟೇಪು ಚಿಲಿಪಿಲಿಗುಟ್ಟುತ್ತ ಹಿಂದೆ ಸರಿದು, ಬಿಟ್ಟ ಕೂಡಲೇ ಮತ್ತೆ ಹಾಡುವ ಕ್ಯೂ-ರಿವ್ಯೂ ಸೌಲಭ್ಯ ಬರೆದುಕೊಳ್ಳುವವರ ಪಾಲಿಗೆ ದೊಡ್ಡ ವರವಾಯಿತು. ಸಂಗೀತ ಕೇಳುವವರಿಗೆ ಅದರಿಂದ ಅಂಥ ಪ್ರಯೋಜನವೇನೂ ಇರಲಿಲ್ಲ.

ಸೆಲ್ಲು, ಮೋಟಾರು, ಟ್ರ್ಯಾಕ್ಟರು

ದೊಡ್ಡ ಸೆಟ್ಟುಗಳಿಗೆ ಆರು ಅಥವಾ ಎಂಟು ದಪ್ಪ ಸೆಲ್ಲು. ಆರಕ್ಕೆ 9 ವೋಲ್ಟ್, ಎಂಟಕ್ಕೆ 12. ಎವರೆಡಿ, ನಿಪ್ಪೊ, ನೊವಿನೊ ಸೆಲ್ಲುಗಳ ಖರ್ಚೇ ಟೇಪು ಇಟ್ಟವರ ನಿಜವಾದ ತೆರಿಗೆ. ಮಂದವಾದ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದು ತಾಸು ಕೆಲಸ ತೆಗೆಯುವುದು ಮನೆಮನೆಯ ರೂಢಿ. ಸೆಲ್ಲು ಇಳಿದಂತೆ ಮೋಟಾರಿನ ಓಟ ತಗ್ಗಿ ಹಾಡು ಎಳೆಯತೊಡಗುತ್ತದೆ, ಲತಾ ಮಂಗೇಶ್ಕರ್ ದನಿ ಗಂಡುದನಿಯಾಗುತ್ತದೆ. ವೋಲ್ಟೇಜು ಇಳಿದರೂ ಓಟ ಒಂದೇ ಮಟ್ಟದಲ್ಲಿ ಇರುವಂತೆ ಮೋಟಾರಿನೊಳಗೇ ಎಲೆಕ್ಟ್ರಾನಿಕ್ ಗವರ್ನರ್ ಕೂರಿಸಿದ್ದು ಹೊರಗೆ ಕಾಣದ ಸುಧಾರಣೆ, ಆದರೆ ಮುಖದ ಮೇಲಿನ ಹತ್ತು ಗುಂಡಿಗಿಂತ ದೊಡ್ಡದು. ಕೆಲವು ಸೆಟ್ಟುಗಳಲ್ಲಿ ರೆಕಾರ್ಡಿನ ಮಟ್ಟ ತೋರುವ ಸೂಜಿಯೇ ಸೆಲ್ಲಿನ ಬಲವನ್ನೂ ತೋರುತ್ತಿತ್ತು. ಸೂಜಿ ಕೆಂಪು ಗೆರೆ ಬಿಟ್ಟು ಇಳಿದರೆ ಆ ರಾತ್ರಿ ಬಯಲಾಟ ತುಂಬಿಸುವ ಆಸೆ ಬಿಡಬೇಕು.

ಹೊರಗಿನಿಂದ ತಂದ ಸೆಟ್ಟುಗಳ ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಗುಂಡಿ ಇರುತ್ತಿತ್ತು, 110ರಿಂದ 240ರವರೆಗೆ. ಅದು 110ರಲ್ಲೇ ಉಳಿದಿದ್ದು ಪ್ಲಗ್ಗು ಚುಚ್ಚಿದ ಮೊದಲ ದಿನವೇ ಟ್ರಾನ್ಸ್‌ಫಾರ್ಮರ್ ಸುಟ್ಟ ಹೊಸ ಸೆಟ್ಟುಗಳು ರಿಪೇರಿಯವರಿಗೆ ಹೊಸತಲ್ಲ. ಇಂಥ ಸೆಟ್ಟುಗಳು ಬಂದದ್ದು ಕೊಲ್ಲಿ ದೇಶಗಳಲ್ಲಿ ದುಡಿದವರಿಂದ, ಹಜ್ ಮುಗಿಸಿ ಬಂದವರಿಂದ, ಮುಂಬೈ ಪೇಟೆಯಿಂದ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಗೋವಾಕ್ಕೆ ಗುಳೆ ಹೋದವರು ಹಬ್ಬಕ್ಕೆ ಮರಳುವಾಗ ಹೆಗಲ ಮೇಲೆ ತಂದ ಟೇಪು ಓಣಿಯಲ್ಲಿ ಅವರ ದುಡಿಮೆಯ ಸಾಕ್ಷಿ. ನ್ಯಾಷನಲ್ ಪ್ಯಾನಾಸೋನಿಕ್ ಎಂಬ ಹೆಸರಿಗೆ ಆಗ ಇದ್ದ ಮರ್ಯಾದೆ ಈಗಿನ ಯಾವ ಫೋನಿಗೂ ಇಲ್ಲ. ದೇಶದೊಳಗೆ ಫಿಲಿಪ್ಸ್, ಬುಷ್, ಮರ್ಫಿ, ಬೆಂಗಳೂರಿನ ಬಿಪಿಎಲ್ ಕಂಪನಿ ಜಪಾನಿನ ಸ್ಯಾನ್ಯೊ ಜೊತೆ ಸೇರಿ ತಂದ ಸೆಟ್ಟುಗಳು 1980ರ ದಶಕದಲ್ಲಿ ಮಧ್ಯಮ ವರ್ಗದ ಕೈಗೆಟುಕಿದವು.

ಗಂಗಾವತಿ, ಕಾರಟಗಿ ಕಡೆಯ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ, ಭತ್ತದಿಂದ ಹಣ, ಹಣದಿಂದ ಟ್ರ್ಯಾಕ್ಟರು ಬಂದ ಸೀಮೆ ಅದು. ಎಂಟು ಸೆಲ್ಲಿನ ಸೆಟ್ಟಿನ ಹಿಂಬದಿಯ 12 ವೋಲ್ಟಿನ ತೂತಿಗೂ ಟ್ರ್ಯಾಕ್ಟರಿನ ಬ್ಯಾಟರಿಗೂ ವೋಲ್ಟೇಜು ಒಂದೇ. ಎರಡು ವೈರು ಎಳೆದರೆ ಸೆಲ್ಲಿನ ಖರ್ಚಿಲ್ಲ. ಕಾರಿನಲ್ಲಿ ಬಳಸಲೆಂದು ಕೊಟ್ಟ ಆ ತೂತು ಗದ್ದೆಯ ನೇಗಿಲ ಸಾಲಿನಲ್ಲಿ ಕೆಲಸಕ್ಕೆ ಬಂತು. ಧನ, ಋಣ ಅದಲುಬದಲಾಗಿ ಹೊಗೆ ಬಂದ ಸೆಟ್ಟುಗಳೂ ಇದ್ದವು. ಪಿನ್ನಿನ ನಡುವೆ ಧನವೋ ಋಣವೋ ಎಂಬುದು ಕಂಪನಿಗೊಂದು ಬಗೆ.

ಸ್ಟೀರಿಯೊ ಎಂಬ ಎರಡು ಕಣ್ಣು

1970ರ ದಶಕದ ಉತ್ತರಾರ್ಧದಲ್ಲಿ ಜಪಾನಿನ ಶಾರ್ಪ್, ಜೆವಿಸಿ, ಸೋನಿ, ಸ್ಯಾನ್ಯೊ, ಮಾತ್ಸುಷಿತಾ ಕಂಪನಿಗಳು ಒಂದನ್ನೊಂದು ಮೀರಿಸುವ ಪೈಪೋಟಿಗೆ ಬಿದ್ದವು. ಬಿಚ್ಚಿ ದೂರ ಇಡಬಹುದಾದ ಸ್ಪೀಕರುಗಳು, ದನಿ ಏರಿಳಿದಂತೆ ಕುಣಿಯುವ ಕೆಂಪು, ಹಸಿರು ದೀಪಗಳು, ಐದು ಪಟ್ಟಿಯ ಈಕ್ವಲೈಜರ್, ಹಾಡುಗಳ ನಡುವಿನ ಮೌನವನ್ನು ಗುರುತಿಸಿ ಮುಂದಿನ ಹಾಡಿಗೆ ತಾನೇ ಹಾರುವ ಶಾರ್ಪ್‌ನ ಎಪಿಎಸ್‌ಎಸ್. ಕ್ರೋಮ್ ಟೇಪಿಗೆ, 1979ರ ಸುಮಾರಿಗೆ ಬಂದ ಮೆಟಲ್ ಟೇಪಿಗೆ ಬೇರೆಬೇರೆ ಗುಂಡಿ. ಡಾಲ್ಬಿ ಬಿ ಎಂಬ ಸೊಯ್ಯೆನ್ನುವ ಸದ್ದು ತಗ್ಗಿಸುವ ಏರ್ಪಾಡು. ಒಂದು ಸೆಟ್ಟಿನಲ್ಲಿ ಕಳ್ಳ ಎತ್ತಿದರೆ ಕೂಗುವ ಅಲಾರಂ ಕೂಡ ಇತ್ತು: ಕೋನಿಯನ್ ಸಿ-100ಎಫ್. ಇನ್ನೊಂದರಲ್ಲಿ, ಶಾರ್ಪ್ ವಿಝಡ್-2000ದಲ್ಲಿ, ಗ್ರಾಮಫೋನ್ ತಟ್ಟೆಯನ್ನು ನಿಲ್ಲಿಸಿ ಎರಡೂ ಮಗ್ಗುಲು ಹಾಡಿಸುವ ಯಂತ್ರವೇ ಇತ್ತು.

ಇವುಗಳಲ್ಲಿ ಹೆಚ್ಚಿನವು ಇಲ್ಲಿ ಬರೀ ಚೆಂದಕ್ಕೆ ಉಳಿದವು. ಪೇಟೆಯಲ್ಲಿ ಸಿಗುತ್ತಿದ್ದ ಟೇಪು ಸಾದಾ ಐರನ್ ಆಕ್ಸೈಡಿನದು. ಮೆಟಲ್ ಗುಂಡಿ ಒತ್ತುವ ಪ್ರಸಂಗವೇ ಬರಲಿಲ್ಲ. ಬಯಲಾಟದ ಕ್ಯಾಸೆಟ್ಟಿನಲ್ಲಿ ಮೌನವೇ ಇಲ್ಲದ್ದರಿಂದ ಎಪಿಎಸ್‌ಎಸ್ ಎಲ್ಲಿಯೂ ನಿಲ್ಲದೆ ಕೊನೆಗೆ ಹೋಗಿ ಕೂರುತ್ತಿತ್ತು. ಸ್ಟೀರಿಯೊ ಪರಿಣಾಮಕ್ಕೂ ಮಿತಿ ಇದೆ: ಒಂದೇ ಪೆಟ್ಟಿಗೆಯ ಎರಡು ಸ್ಪೀಕರುಗಳ ನಡುವೆ ಮೊಳದಷ್ಟು ಅಂತರ, ಕಟ್ಟೆಯ ಸುತ್ತ ಇಪ್ಪತ್ತು ಜನ ಕೂತರೆ ಎಡವೂ ಇಲ್ಲ ಬಲವೂ ಇಲ್ಲ. ಸ್ಟೀರಿಯೊ ವೈಡ್ ಎಂಬ ಗುಂಡಿ ಎಡದ ದನಿಯಲ್ಲಿ ಬಲದ್ದನ್ನು ತಲೆಕೆಳಗು ಮಾಡಿ ತುಸು ಬೆರೆಸುತ್ತದೆ, ಬಲದಲ್ಲಿ ಎಡದ್ದನ್ನು. ಅದರಿಂದ ದನಿ ಪೆಟ್ಟಿಗೆಯ ಆಚೆಗೂ ಹರಡಿದಂತೆ ಭ್ರಮೆಯಾಗುತ್ತದೆ. ಎದುರು ನಡುವೆ ಕೂತ ಒಬ್ಬನಿಗೆ ಮಾತ್ರ. ವಾಟಿನ ವಿಷಯದಲ್ಲಿ ಪಿಎಂಪಿಒ ಎಂಬ ಚೀಟಿ ಹಚ್ಚಿ ನೂರಾರು ವಾಟು ಎಂದು ಬರೆದದ್ದು ಶುದ್ಧ ಸುಳ್ಳಲ್ಲದಿದ್ದರೂ ಸತ್ಯವಂತೂ ಅಲ್ಲ. ಒಳಗಿನ ನಿಜವಾದ ಬಲ ಕೆಲವೇ ವಾಟು.

ಊರವರು ಮಾಡಿಕೊಂಡ ಸುಧಾರಣೆ ಇದಕ್ಕಿಂತ ಪ್ರಯೋಜನದ್ದು. ಸ್ಪೀಕರಿನ ತೂತಿಗೆ ಒಂದು ವೈರು ಕೊಟ್ಟು, ಬಿಡಿ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸುವುದು. ಸ್ಪೀಕರಿನ ಹಿಂಬದಿಯ ಗಾಳಿ ಮುಂಬದಿಯ ಗಾಳಿಯನ್ನು ಕೆಡಿಸದಂತೆ ಗಡಿಗೆ ತಡೆಯುತ್ತದೆ, ದುಂಡು ಹೊಟ್ಟೆ ತಗ್ಗು ದನಿಯನ್ನು ಬಲಪಡಿಸುತ್ತದೆ. ಡೊಳ್ಳು ಡೊಳ್ಳಿನಂತೆ ಕೇಳಬೇಕಾದರೆ ಇದೇ ದಾರಿ.

  

ಡಬಲ್ ಡೆಕ್ಕು, ತುಂಬಿಸುವ ಅಂಗಡಿ

ಎರಡು ಕ್ಯಾಸೆಟ್ಟಿನ ಯಂತ್ರ 1980ರ ದಶಕದಲ್ಲಿ ಹರಡಿತು. ಒಂದರಿಂದ ಇನ್ನೊಂದಕ್ಕೆ ಹಾಡು ಇಳಿಸಲು ಎರಡನೆಯ ಯಂತ್ರ ಬೇಡ, ವೈರು ಬೇಡ. ಹೈ ಸ್ಪೀಡ್ ಡಬ್ಬಿಂಗ್ ಗುಂಡಿ ಒತ್ತಿದರೆ ಎರಡೂ ಇಮ್ಮಡಿ ಓಟದಲ್ಲಿ ಓಡಿ ಸಿ-60 ಕ್ಯಾಸೆಟ್ಟು ಅರ್ಧ ತಾಸಿನಲ್ಲಿ ಸಿದ್ಧ. ಬಸ್‌ಸ್ಟ್ಯಾಂಡಿನ ಬದಿಯ ಕ್ಯಾಸೆಟ್ ಅಂಗಡಿಗಳ ಕಸುಬು ಇದರ ಮೇಲೆ ನಿಂತಿತು. ಗಿರಾಕಿ ಒಂದು ಹಾಳೆಯಲ್ಲಿ ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟು ಹೋದರೆ ಸಂತೆಯ ದಿನ ಬಂದು ತುಂಬಿಸಿದ ಕ್ಯಾಸೆಟ್ಟು ಒಯ್ಯುತ್ತಿದ್ದ. ಖಾಲಿ ಕ್ಯಾಸೆಟ್ಟು ಸೋನಿ, ಟಿಡಿಕೆ ಆದರೆ ದುಬಾರಿ. ಟಿ-ಸೀರೀಸ್, ಮೆಲ್ಟ್ರ್ಯಾಕ್ ಅಗ್ಗ. ನಕಲಿನ ನಕಲಿನಲ್ಲಿ ಮೇಲಿನ ಸ್ವರಗಳು ಒಂದೊಂದು ಸಲಕ್ಕೂ ಮಾಸುತ್ತ ಹೋಗಿ ನಾಲ್ಕನೆಯದರಲ್ಲಿ ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಕಾನೂನಿನ ದೃಷ್ಟಿಯಲ್ಲಿ ಇದು ಅಪರಾಧ. 1984ರ ತಿದ್ದುಪಡಿ ಕೃತಿಸ್ವಾಮ್ಯ ಕಾಯ್ದೆಯ ಶಿಕ್ಷೆಯನ್ನು ಹೆಚ್ಚಿಸಿತ್ತು. ಅಂಗಡಿಗಳು ಅದರಿಂದ ಕಡಿಮೆಯೇನೂ ಆಗಲಿಲ್ಲ.

ಅಧಿಕೃತ ಕ್ಯಾಸೆಟ್ಟುಗಳ ಪೇಟೆಯೂ ಜೊತೆಗೇ ಬೆಳೆಯಿತು. ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ 1978ರಲ್ಲಿ ಬಂದು ಕನ್ನಡ ಭಾವಗೀತೆಯನ್ನು ಕ್ಯಾಸೆಟ್ಟಿಗೆ ತಂದಿತು. ಸಂಗೀತ ಮೈಸೂರು ಅನಂತಸ್ವಾಮಿಯವರದು. ಹಂಸಲೇಖರ ಸಂಗೀತದ ‘ಪ್ರೇಮಲೋಕ’ 1987ರಲ್ಲಿ ಚಹಾದಂಗಡಿ ಚಹಾದಂಗಡಿಗೂ ಮುಟ್ಟಿತು. ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳು, ಸಿ. ಅಶ್ವತ್ಥರ ದನಿಯ ಶರೀಫರ ತತ್ವಪದಗಳು ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಸಿನಿಮಾ ಹಾಡುಗಳ ಸರಿಸಮ ಕೂತವು. ಈ ಸೀಮೆಯದೇ ಆದ ಗಂಗಾವತಿ ಪ್ರಾಣೇಶರ ಹಾಸ್ಯ ಕ್ಯಾಸೆಟ್ಟಿನ ಕೊನೆಗಾಲದಲ್ಲಿ ಬಂದು ಸಿ.ಡಿ.ಗೆ ದಾಟಿಕೊಂಡಿತು. ಹಾಡಿಗಿಂತ ಮಾತಿಗೆ ಕ್ಯಾಸೆಟ್ಟು ಹೆಚ್ಚು ಒಗ್ಗುತ್ತದೆಂದು ಒಟೆನ್ಸ್ ತಂಡ ಹಾಕಿದ್ದ ಲೆಕ್ಕ ಈ ಮಟ್ಟಿಗೆ ಸರಿಯಾಗಿತ್ತು.

ರಿಪೇರಿ ಮತ್ತು ಈಗಿನ ಸ್ಥಿತಿ

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ, ಕರಿಮಣ್ಣು, ಮಸಾರಿ ಎರಡರ ಧೂಳೂ ಇರುವ ಸೀಮೆಯಲ್ಲಿ ಯಂತ್ರ ಕೆಡುವ ಜಾಗಗಳು ನಿಶ್ಚಿತ. ಮೊದಲನೆಯದು ರಬ್ಬರ್ ಬೆಲ್ಟು: ಸಡಿಲಾಗಿ ಟೇಪು ಸುತ್ತಿಕೊಳ್ಳುವುದು ನಿಂತಾಗ ರೀಲು ಹೊರಗೆ ಬಂದು ರೋಲರಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ರೀಲನ್ನು ಹುಷಾರಾಗಿ ಬಿಡಿಸಿ, ಗಾಲಿಯ ಆರು ಹಲ್ಲಿನ ತೂತಿಗೆ ಆರು ಮೂಲೆಯ ಪೆನ್ಸಿಲು ತೂರಿಸಿ ತಿರುಗಿಸಿದರೆ ಟೇಪು ಒಳಗೆ ಹೋಗುತ್ತದೆ. ಎರಡನೆಯದು ಹೆಡ್ಡು: ಟೇಪಿನ ಕಂದು ಪುಡಿ ಮೆತ್ತಿಕೊಂಡು ದನಿ ಮಂದವಾಗುತ್ತದೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸರಿ.

ಮೂರನೆಯದಕ್ಕೆ ಕಿವಿ ಬೇಕು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ತಿರುಪು ಇದೆ. ಹೆಡ್ಡು ಟೇಪಿಗೆ ನೆಟ್ಟಗೆ ತೊಂಬತ್ತು ಡಿಗ್ರಿಯಲ್ಲಿ ನಿಲ್ಲುವಂತೆ ಮಾಡುವುದು ಅದೇ. ಕೂದಲೆಳೆಯಷ್ಟು ವಾಲಿದರೂ ಮೇಲಿನ ಸ್ವರ ಹೋಗಿಬಿಡುತ್ತದೆ. ರಿಪೇರಿಯವನು ಪೆಟ್ಟಿಗೆಯ ಮುಂಬಾಗಿಲಿನ ಪ್ಲಾಸ್ಟಿಕ್ ತೆಗೆದು, ತನಗೆ ಬಾಯಿಪಾಠವಾದ ಯಾವುದೋ ಕ್ಯಾಸೆಟ್ಟು ಹಾಕಿ, ಟ್ರೆಬಲ್ ಪೂರಾ ಏರಿಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಆ ತಿರುಪನ್ನು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸುತ್ತಾನೆ. ತಾಳದ ಕಿಣಿ ಥಟ್ಟನೆ ತೆಳ್ಳಗೆ, ಹರಿತವಾಗಿ ಕೇಳಿದ ಜಾಗದಲ್ಲಿ ಕೈ ನಿಲ್ಲುತ್ತದೆ. ಅಲ್ಲಿಗೆ ಒಂದು ಚುಕ್ಕೆ ಉಗುರುಬಣ್ಣ ಹಾಕಿ ಬಿಗಿ ಮಾಡುತ್ತಾನೆ. ಇದರಲ್ಲೊಂದು ತೊಡಕು ಉಂಟು. ವಾಲಿದ ಹೆಡ್ಡಿನಲ್ಲಿ ತುಂಬಿಸಿದ ಮನೆಯ ಕ್ಯಾಸೆಟ್ಟುಗಳು ಆ ವಾಲಿಗೇ ಹೊಂದಿರುತ್ತವೆ. ಹೆಡ್ಡು ಸರಿಯಾದ ಮೇಲೆ ಅಂಗಡಿಯ ಕ್ಯಾಸೆಟ್ಟು ಚೆನ್ನಾಗಿ ಹಾಡುತ್ತವೆ, ಮನೆಯವು ಮಂಕಾಗುತ್ತವೆ.

2000ದ ನಂತರ ವಿಸಿಡಿ, ಎಂಪಿ3, ಆಮೇಲೆ ಮೊಬೈಲಿನ ಮೆಮೊರಿ ಕಾರ್ಡು ಬಂದು ಟೇಪು ಅಟ್ಟ ಸೇರಿತು. ಕ್ಯಾಸೆಟ್ಟು ತುಂಬಿಸುತ್ತಿದ್ದ ಅಂಗಡಿಗಳು ಕಾರ್ಡಿಗೆ ಹಾಡು ತುಂಬಿಸುವ ಅಂಗಡಿಗಳಾದವು. ಇಂದು ಈ ಯಂತ್ರಗಳನ್ನು ಹುಡುಕುವವರು ಎರಡು ಬಗೆ. ಒಬ್ಬರು ದೀಪ ಕುಣಿಯುವ ದೊಡ್ಡ ಜಪಾನಿ ಸೆಟ್ಟಿಗೆ ಹಣ ಸುರಿಯುವ ಸಂಗ್ರಹಕಾರರು. ಇನ್ನೊಬ್ಬರು ಅಜ್ಜ ಆಡಿದ ದೊಡ್ಡಾಟದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆನ್ನುವವರು. ಎರಡನೆಯವರಿಗೆ ಬೇಕಾದದ್ದು ಲೈನ್ ಔಟ್ ಅಥವಾ ಹೆಡ್‌ಫೋನ್ ತೂತು ಇರುವ ಸಾದಾ ಸೆಟ್ಟು, ಹೊಸ ಬೆಲ್ಟು, ಒರೆಸಿದ ಹೆಡ್ಡು, ಮತ್ತು ಆ ತಿರುಪನ್ನು ಒಂದೊಂದು ಕ್ಯಾಸೆಟ್ಟಿಗೂ ಹೊಸದಾಗಿ ಹೊಂದಿಸುವ ತಾಳ್ಮೆ. ಇಳಿಸುವ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡೂ ಎಸಳು ಮುರಿದುಬಿಡಬೇಕು. ಹಳೆಯ ಸೆಟ್ಟುಗಳಲ್ಲಿ ಕೆಂಪು ಗುಂಡಿ ಪ್ಲೇ ಗುಂಡಿಯ ಪಕ್ಕದಲ್ಲೇ ಇರುತ್ತದೆ.